ಬ್ರೌನ್ ಬೆಲ್ಟ್ ಇತ್ತು, ಫೋನ್ ಹೋಯ್ತು

ಹೋದ ವಾರದ ವಿಡಿಯೋ ಉದ್ದ ಆಯ್ತು ಅಂತ ತುಂಬ ಜನ ಹೇಳಿದ್ರಿ. ಆಫೀಸ್ ಬಸ್ಸಲ್ಲಿ ಓದೋರಿಗೆ ಅನುಕೂಲ ಆಗಲಿ ಅಂತ ಅದನ್ನೇ ಇಲ್ಲಿ ಬರಹದಲ್ಲಿ ಹಾಕ್ತಿದೀನಿ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದಿದ್ದು ಹೆಚ್ಚು ಕಡಿಮೆ ಹಾಗೇ ಇದೆ.

ವಿಷಯ ಶುರುವಾಗಿದ್ದು ನನ್ನ ತಂಗಿಯ ಫೋನಿಂದ. ಅವಳಿಗೆ ಹೈದರಾಬಾದಲ್ಲಿ ಕೆಲಸ ಸಿಕ್ಕಿದೆ, ಗಚ್ಚಿಬೌಲಿ ಹತ್ರ ಪಿ.ಜಿ.ಯಲ್ಲಿದಾಳೆ, ಸೆಕೆಂಡ್ ಶಿಫ್ಟ್. "ಅಣ್ಣ, ಇಲ್ಲೊಂದು ಸೆಲ್ಫ್ ಡಿಫೆನ್ಸ್ ಕ್ಲಾಸ್ ಇದೆ. ಒಂದು ಶನಿವಾರ, ನಾಲ್ಕು ಗಂಟೆ, ಹತ್ತು ಪಟ್ಟು ಹೇಳಿಕೊಡ್ತಾರಂತೆ. ಸೇರ್ಲಾ? ನೀನು ಕರಾಟೆ ಕಲಿತೋನಲ್ವಾ, ಹೇಳು" ಅಂದ್ಲು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಯಾಕಂದ್ರೆ ನನ್ನ ಕರಾಟೆಯ ಪೂರ್ತಿ ಕಥೆ ಅವಳಿಗೆ ಗೊತ್ತಿರಲಿಲ್ಲ. ಈಗ ಅವಳಿಗೆ ಹೇಳಿ ಆಗಿದೆ, ಆದ್ದರಿಂದ ನಿಮಗೂ ಹೇಳಬಹುದು.

ದಾವಣಗೆರೆಯಲ್ಲಿ ಐದನೇ ಕ್ಲಾಸಿಂದ ಪಿಯುಸಿವರೆಗೆ ಶಾಲೆ ಮೈದಾನದಲ್ಲಿ ಕರಾಟೆ ಕಲಿತೆ. ಬೆಳಿಗ್ಗೆ ಆರಕ್ಕೆ ಬಿಳಿ ಬಟ್ಟೆ, ಸಾಲಾಗಿ ನಿಂತು ಇಚಿ, ನಿ, ಸಾನ್ ಅಂತ ಎಣಿಸಿ ಗಾಳಿಗೆ ಗುದ್ದು. ಬ್ರೌನ್ ಬೆಲ್ಟ್‌ವರೆಗೆ ಬಂದೆ. ಆಮೇಲೆ ಎಂ.ಟೆಕ್., ಆಮೇಲೆ ಪುಣೆ, ಆಮೇಲೆ ಹೊಟ್ಟೆ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ರಿಲೀಸ್ ಮುಗಿಸಿ ಹನ್ನೊಂದೂವರೆ ಹೊತ್ತಿಗೆ ವಾಕಡ್‌ನಲ್ಲಿ ರೂಮಿಗೆ ನಡ್ಕೊಂಡು ಹೋಗ್ತಿದ್ದೆ. ಒಂದು ಬೈಕ್ ನಿಲ್ತು. ಹಿಂದೆ ಕೂತಿದ್ದವನು ಇಳಿದು ಟೈಮ್ ಎಷ್ಟು ಅಂತ ಹಿಂದಿಯಲ್ಲಿ ಕೇಳಿದ. ನಾನು ಫೋನ್ ತೆಗೆದು ನೋಡಿ ಹೇಳೋಕೆ ಹೊರಟೆ. ಎದೆಗೆ ಒಂದು ತಳ್ಳು, ಕೆನ್ನೆಗೆ ಒಂದು ಬಿತ್ತು, ಫೋನ್ ಹೋಯ್ತು. ಎಲ್ಲ ಸೇರಿ ನಾಲ್ಕು ಸೆಕೆಂಡ್ ಇರಬಹುದು. ಆ ನಾಲ್ಕು ಸೆಕೆಂಡಿನಲ್ಲಿ ನನ್ನ ಬಾಯಿಂದ ಬಂದಿದ್ದು ಒಂದೇ ಮಾತು: "ಯಾಕ್ರೀ?" ಕಳ್ಳನಿಗೆ ಬಹುವಚನ, ಅದೂ ಕನ್ನಡದಲ್ಲಿ, ಅದೂ ಪುಣೆಯಲ್ಲಿ.

ಆ ಹೊತ್ತಿಗೂ ನಡುರಾತ್ರಿ ಎಬ್ಬಿಸಿ ಕೇಳಿದ್ರೆ ಕಟಾಗಳನ್ನು ಒಂದು ಹೆಜ್ಜೆ ತಪ್ಪದೆ ಮಾಡಿ ತೋರಿಸ್ತಿದ್ದೆ. ಇಷ್ಟು ವರ್ಷದ ಕಲಿಕೆ ಆ ನಾಲ್ಕು ಸೆಕೆಂಡಿಗೆ ಯಾಕೆ ಬರಲಿಲ್ಲ? ನಮ್ಮ ಕಡೆ ಬಗ್ ಬಂದಾಗ "ನನ್ನ ಮೆಷಿನಲ್ಲಿ ಸರಿಯಾಗೇ ಓಡ್ತಿದೆ" ಅಂತೀವಲ್ಲ, ಅದೇ ಥರ. ನನ್ನ ಹೇಡಿತನ ಅಂತ ಬಹಳ ದಿನ ಅಂದ್ಕೊಂಡಿದ್ದೆ. ಆಮೇಲೆ ಇತಿಹಾಸ ಓದ್ತಾ ಹೋದಾಗ ಬೇರೇನೋ ಕಾಣಿಸ್ತು.

ಮೊದಲು ನಾನು ಕಲಿತ ಆ ಸಾಲು-ಎಣಿಕೆಯ ಕರಾಟೆ ಎಲ್ಲಿಂದ ಬಂತು ನೋಡೋಣ. ಒಕಿನಾವಾ ದ್ವೀಪದಲ್ಲಿ ಹಿಂದೆ ಇದನ್ನು ಒಬ್ಬ ಗುರು ಬೆರಳೆಣಿಕೆಯ ಶಿಷ್ಯರಿಗೆ ಖಾಸಗಿಯಾಗಿ ಹೇಳಿಕೊಡ್ತಿದ್ದ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಆಂಕೋ ಇತೋಸು ಅನ್ನೋ ಗುರು ಇದನ್ನು ಅಲ್ಲಿನ ಶಾಲೆಗಳಿಗೆ ತಂದರು. ಮಕ್ಕಳಿಗಾಗಿ ಪಿನಾನ್ ಅನ್ನೋ ಐದು ಸರಳ ಕಟಾಗಳನ್ನು ಜೋಡಿಸಿದರು. ನಾವು ಹೆಯಾನ್ ಅಂತ ಕಲಿತಿದ್ದು ಇವನ್ನೇ. 1908ರಲ್ಲಿ ಸರ್ಕಾರಕ್ಕೆ ಬರೆದ ಪತ್ರದಲ್ಲಿ ಇತೋಸು ಹೇಳೋದು ದೇಹ ಗಟ್ಟಿಯಾಗುತ್ತೆ, ಮುಂದೆ ಸೈನಿಕರಾಗೋರಿಗೆ ಒಳ್ಳೇದು ಅಂತ. 1922ರಲ್ಲಿ ಅವರ ಶಿಷ್ಯ ಗಿಚಿನ್ ಫುನಾಕೋಶಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟರು. ಅಲ್ಲಿಂದ ಅದು ಜಪಾನಿನ ಕಾಲೇಜುಗಳಿಗೆ, ಯುದ್ಧ ಮುಗಿದ ಮೇಲೆ ಇಡೀ ಜಗತ್ತಿಗೆ ಹೋಯ್ತು. ಅಂದ್ರೆ ನಮ್ಮ ಮೈದಾನಕ್ಕೆ ಬಂದಿದ್ದು ಒಂದು ಶಾಲಾ ವ್ಯಾಯಾಮ. ಇದು ಮೋಸ ಅಲ್ಲ. ಐವತ್ತು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿದಾಗ ಎಣಿಕೆ ಬೇಕೇ ಬೇಕು, ನನಗೆ ಅದರಿಂದ ಬೆನ್ನು ನೆಟ್ಟಗಾಯ್ತು, ಬೆಳಿಗ್ಗೆ ಏಳೋದು ಅಭ್ಯಾಸ ಆಯ್ತು. ಆದ್ರೆ ಅಷ್ಟು ವರ್ಷದಲ್ಲಿ ನನ್ನನ್ನು ನಿಜವಾಗಿ ತಡೆಯೋಕೆ ನೋಡಿದ ಒಬ್ಬನೇ ಒಬ್ಬ ಎದುರಾಳಿ ನನಗೆ ಸಿಗಲಿಲ್ಲ. ಜೋಡಿ ಅಭ್ಯಾಸದಲ್ಲೂ ಎದುರಿನವನು ಒಂದು ಗುದ್ದು ಕೊಟ್ಟು ಕೈ ಚಾಚಿಕೊಂಡೇ ನಿಂತಿರ್ತಿದ್ದ, ನಾನು ನನ್ನ ಮೂರು ಏಟು ಮುಗಿಸೋವರೆಗೂ.

ನಮ್ಮ ಸೋದರಮಾವ ದಾವಣಗೆರೆಯ ಗರಡಿ ಮನೆಯಲ್ಲಿ ಬೆಳೆದೋರು. ನನ್ನ ಬೆಲ್ಟ್ ಪರೀಕ್ಷೆ ನೋಡೋಕೆ ಒಂದ್ಸಲ ಬಂದಿದ್ರು. ಎಲ್ಲ ನೋಡಿ, "ಚೆನ್ನಾಗಿದೆ ಕಣೋ. ಆದ್ರೆ ಎದುರಿಗಿರೋನು ಸುಮ್ನೆ ನಿಂತ್ಕೊಂಡ್ರೆ ಎಲ್ರೂ ಪೈಲ್ವಾನ್ರೇ" ಅಂದ್ರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ನೋಡಿದ್ರೆ ಆ ಒಂದು ಮಾತಿನ ಸುತ್ತಲೇ ನೂರೈವತ್ತು ವರ್ಷದ ಇತಿಹಾಸ ತಿರುಗಿದೆ.

1877ರ ಹೊತ್ತಿಗೆ ಟೋಕಿಯೋದಲ್ಲಿ ಜಿಗೋರೋ ಕಾನೋ ಅನ್ನೋ ಹುಡುಗ ಗುರು ಹುಡುಕ್ತಾ ಅಲೆದಾಡ್ತಿದ್ದ. ಸಣ್ಣ ಮೈಯವನು, ಓದಿನಲ್ಲಿ ಮುಂದೆ, ಹಾಸ್ಟೆಲ್‌ನಲ್ಲಿ ದೊಡ್ಡ ಹುಡುಗರ ಕೈಲಿ ಏಟು ತಿಂದವನು. ನಮ್ಮಲ್ಲಿ ಅರ್ಧ ಜನರ ಜೀವನಚರಿತ್ರೆ ಇದೇ ಅಲ್ವಾ? ಸಮುರಾಯ್ ಕಾಲ ಮುಗಿದುಹೋಗಿತ್ತು, ಜುಜುತ್ಸು ಕಲಿಸೋರಿಗೆ ಹೊಟ್ಟೆಪಾಡೇ ಕಷ್ಟ ಆಗಿತ್ತು. ಕಾನೋ ಎರಡು ಪಂಥಗಳಲ್ಲಿ ಕಲಿತ. 1882ರಲ್ಲಿ ಏಶೋಜಿ ಅನ್ನೋ ದೇವಾಲಯದಲ್ಲಿ ಹನ್ನೆರಡು ಚಾಪೆಯ ಜಾಗ ಹಿಡಿದು ತನ್ನದೇ ಶಾಲೆ ಶುರು ಮಾಡಿದ. ಅದೇ ಕೊಡೋಕಾನ್, ಜೂಡೋದ ತವರು. ಆಗ ಅವನಿಗೆ ಇಪ್ಪತ್ತೊಂದು ವಯಸ್ಸು.

ಕಾನೋ ಮಾಡಿದ ಕೆಲಸ ಮೇಲ್ನೋಟಕ್ಕೆ ಉಲ್ಟಾ ಅನ್ಸುತ್ತೆ. ಜುಜುತ್ಸುವಿನಲ್ಲಿ ಕಣ್ಣಿಗೆ ಚುಚ್ಚೋದು, ಮರ್ಮಕ್ಕೆ ಹೊಡೆಯೋದು, ಬೆರಳು ಮುರಿಯೋದು ಎಲ್ಲ ಇತ್ತು. ಇವನ್ನು ಕಾನೋ ಕಟಾಗೆ, ಅಂದ್ರೆ ಮೊದಲೇ ಗೊತ್ತುಮಾಡಿಕೊಂಡು ಆಡೋ ಅಭ್ಯಾಸಕ್ಕೆ ಮೀಸಲಿಟ್ಟ. ಉಳಿದ ಎತ್ತಿ ಹಾಕೋದು, ಅದುಮಿ ಹಿಡಿಯೋದು, ಕತ್ತು ಬಿಗಿಯೋದು, ಕೈ ಕೀಲಿಗೆ ಪಟ್ಟು ಹಾಕೋದು, ಇವನ್ನೆಲ್ಲ ರಂದೋರಿಗೆ ಇಟ್ಟ. ರಂದೋರಿ ಅಂದ್ರೆ ಇಬ್ಬರೂ ಪೂರ್ತಿ ಬಲ ಹಾಕಿ, ಒಬ್ಬ ಇನ್ನೊಬ್ಬನನ್ನು ತಡೀತಾ ಮಾಡೋ ಅಭ್ಯಾಸ. ಇದನ್ನು ಅವನೇ ಮೊದಲು ಕಂಡುಹಿಡಿದದ್ದಲ್ಲ, ಅವನು ಕಲಿತ ಪಂಥಗಳಲ್ಲೂ ಇತ್ತು. ಅವನು ಅದನ್ನು ಶಾಲೆಯ ನಡುಮಧ್ಯಕ್ಕೆ ತಂದ, ಅಷ್ಟೆ. ಅಪಾಯದ ಪಟ್ಟು ತೆಗೆದುಹಾಕಿದ್ರಿಂದ ಕಲೆ ಮೊಂಡಾಗಬೇಕಿತ್ತು. ಆದ್ರೆ 1880ರ ದಶಕದ ಮಧ್ಯದಲ್ಲಿ ಟೋಕಿಯೋ ಪೊಲೀಸರು ಏರ್ಪಡಿಸಿದ ಪಂದ್ಯಗಳಲ್ಲಿ ಕಾನೋನ ಹುಡುಗರು ಹಳೇ ಜುಜುತ್ಸು ಶಾಲೆಯವರ ಮೇಲೆ ಬಹುತೇಕ ಪಂದ್ಯ ಗೆದ್ದರು. ಮಾರಕ ಏಟನ್ನು ಸಾವಿರ ಸಲ ಗಾಳಿಗೆ ಹೊಡೆದವನಿಗಿಂತ, ಸಾಧಾರಣ ಪಟ್ಟನ್ನು ಒದ್ದಾಡೋ ಮನುಷ್ಯನ ಮೇಲೆ ದಿನಾ ಹಾಕಿದವನ ಕೈ ಮೇಲಾಯ್ತು.

ಇದು ಜಪಾನಿನವರ ಗುಟ್ಟೇನೂ ಅಲ್ಲ. ನಮ್ಮ ಗರಡಿಯ ಮಟ್ಟಿಯಲ್ಲಿ ನಡೆಯೋದೂ ಇದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆ, ಊಟ, ಅಭ್ಯಾಸ ಎಲ್ಲದರ ವಿವರ ಇದೆ. ಆ ಅಧ್ಯಾಯ ಬರೋದು ವಿನೋದಗಳ ಭಾಗದಲ್ಲಿ, ಹೆಸರೇ ಮಲ್ಲವಿನೋದ. ಕುಸ್ತಿ ಬೇರೆ, ಕಾಳಗ ಬೇರೆ ಅನ್ನೋದರಲ್ಲಿ ಅರಸನಿಗೆ ಗೊಂದಲ ಇರಲಿಲ್ಲ. ಮೈಸೂರಿನ ವಜ್ರಮುಷ್ಟಿ ಕಾಳಗ ನೋಡಿದೀರಲ್ಲ? ವಿಜಯದಶಮಿಯ ದಿನ ಅರಮನೆಯ ಕರಿಕಲ್ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನೆಯಿರೋ ಆಯುಧ ಕಟ್ಟಿಕೊಂಡು ಇಳೀತಾರೆ, ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ನಿಲ್ಲಿಸ್ತಾರೆ. ಅಪಾಯದ ವಿದ್ಯೆಗೆ ಎಲ್ಲೋ ಒಂದು ಗೆರೆ ಎಳೆಯದಿದ್ರೆ ಮುಂದಿನ ದಸರಾಕ್ಕೆ ಜಟ್ಟಿಗಳೇ ಇರೋದಿಲ್ಲ.

ಹಾಗಾದ್ರೆ ಜೂಡೋ ಕಲಿತ್ರೆ ಮುಗೀತಾ? ಇಲ್ಲ. ಅಲ್ಲೂ ಅಂತರ ಉಳೀತು. ಮುಖಕ್ಕೆ ಗುದ್ದು ಬರಲ್ಲ ಅಂತ ಗೊತ್ತಿದ್ರೆ ಮುಖ ಕಾಯೋ ಅಭ್ಯಾಸ ಹೇಗೆ ಬರಬೇಕು? 1956ರಲ್ಲಿ ಕೊಡೋಕಾನ್ ಆತ್ಮರಕ್ಷಣೆಗೆ ಅಂತಲೇ ಬರಿಗೈ, ಚಾಕು, ಕೋಲು, ಪಿಸ್ತೂಲು ಎದುರಿಸೋ 21 ಪಟ್ಟುಗಳನ್ನು ಸೇರಿಸಿತು. ಆದ್ರೆ ಯಾವ ರೂಪದಲ್ಲಿ? ಕಟಾ ರೂಪದಲ್ಲಿ! ಸುತ್ತಿ ಸುತ್ತಿ ಅಲ್ಲಿಗೇ ಬಂತು.

ಈಗ ನನಗೆ ಬಹಳ ಇಷ್ಟವಾದ, ಆದ್ರೆ ಪೂರ್ತಿ ಒಳ್ಳೆಯವನು ಅನ್ನೋಕಾಗದ ಮನುಷ್ಯನಿಗೆ ಬರ್ತೀನಿ. ವಿಲಿಯಂ ಫೇರ್‌ಬೇರ್ನ್. ಇಂಗ್ಲೆಂಡಿನವನು, 1907ರಲ್ಲಿ ಶಾಂಘೈ ನಗರದ ಅಂತರರಾಷ್ಟ್ರೀಯ ವಸತಿ ಪ್ರದೇಶದ ಪೊಲೀಸ್ ಪಡೆಗೆ ಸೇರಿದ. ಅದು ವಿದೇಶಿಯರು ಚೀನಾದ ನೆಲದಲ್ಲಿ ತಾವೇ ಆಳ್ತಿದ್ದ ಜಾಗ. ಆ ಪಡೆಯಲ್ಲಿ ಬ್ರಿಟಿಷರು, ಚೀನೀಯರು, ನಮ್ಮ ಪಂಜಾಬಿನಿಂದ ಹೋದ ಸಿಖ್ಖರು ಎಲ್ಲ ಇದ್ದರು. ವಸಾಹತುಶಾಹಿಯ ಲಾಠಿ ಅದು, ಅದನ್ನು ಮರೆಯೋದು ಬೇಡ. ಅಫೀಮು, ಅಪಹರಣ, ಗ್ಯಾಂಗುಗಳಿಂದ ಶಾಂಘೈ ಆಗ ಬಹಳ ಅಪಾಯದ ಊರಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಫೇರ್‌ಬೇರ್ನ್‌ಗೆ ಗಲ್ಲಿಯೊಂದರಲ್ಲಿ ಸಾಯೋ ಹಾಗೆ ಹೊಡೆದು ಬಿಸಾಕಿ ಹೋದರು ಅಂತ ಕಥೆ ಹೇಳ್ತಾರೆ. ಚೇತರಿಸಿಕೊಂಡವನು ಜಪಾನಿ ಗುರುವಿನ ಹತ್ತಿರ ಜುಜುತ್ಸು ಕಲಿತ, ಮುಂದೆ ಕೊಡೋಕಾನ್‌ನಿಂದಲೇ ಬ್ಲ್ಯಾಕ್ ಬೆಲ್ಟ್ ಪಡೆದ.

ಹೀಗೆ ಕಲಿತವನು ಕಲಿತದ್ದನ್ನೇ ಪೊಲೀಸರಿಗೆ ಹೇಳಿಕೊಡಬೇಕಿತ್ತು. ಅವನು ಹಾಗೆ ಮಾಡಲಿಲ್ಲ. ನಿಜವಾದ ಘಟನೆಗಳಲ್ಲಿ ಏನಾಗ್ತಿದೆ ಅಂತ ನೋಡಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೊಡಕ್ಷನ್ ಲಾಗ್ ಓದೋಕೆ ಕೂತ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಆ ಪಡೆ ಎದುರಿಸಿದ ಆರುನೂರಕ್ಕೂ ಮೀರಿದ ಸಶಸ್ತ್ರ ಮುಖಾಮುಖಿಗಳ ದಾಖಲೆ ಅವನ ಮುಂದಿತ್ತು. ಹೆಚ್ಚಿನವು ಕತ್ತಲಲ್ಲಿ, ಕೆಲವೇ ಅಡಿ ದೂರದಲ್ಲಿ, ಕೆಲವೇ ಸೆಕೆಂಡಿನಲ್ಲಿ ಮುಗಿದವು. ಹೆದರಿದ ಮನುಷ್ಯ ತಾನಾಗಿಯೇ ಬಗ್ಗುತ್ತಾನೆ, ಪಿಸ್ತೂಲಿನ ಗುರಿಗಣ್ಣು ನೋಡೋ ವ್ಯವಧಾನ ಅವನಿಗಿರೋದಿಲ್ಲ, ಬೆರಳಿನ ನಾಜೂಕು ಕೆಲಸ ಆಗೋದಿಲ್ಲ. ಅದಕ್ಕೇ ಫೇರ್‌ಬೇರ್ನ್ ಮತ್ತು ಅವನ ಜೊತೆಗಾರ ಸೈಕ್ಸ್ ಮೊದಲೇ ಬಗ್ಗಿ ನಿಂತು ಗುಂಡು ಹೊಡೆಯೋದನ್ನು ಕಲಿಸಿದರು. ದೇಹ ಹೇಗೂ ಬಗ್ಗುತ್ತೆ ಅಂದಮೇಲೆ ಅದರ ಜೊತೆ ಜಗಳ ಯಾಕೆ?

ಇದಕ್ಕಿಂತ ದೊಡ್ಡ ವಿಷಯ ಅವರು ಅಭ್ಯಾಸಕ್ಕೆ ಅಂತ ಮಾಡಿದ ಏರ್ಪಾಡು. ಹುಡುಗರನ್ನು ಮೊದಲು ಏದುಸಿರು ಬರೋ ಹಾಗೆ ಓಡಿಸ್ತಿದ್ದರು. ಆಮೇಲೆ ಮಂದ ಬೆಳಕಿನ, ಒಳಗೇನಿದೆ ಅಂತ ಗೊತ್ತಿಲ್ಲದ ಜಾಗಕ್ಕೆ ಕಳಿಸ್ತಿದ್ದರು. ಯಾವ ಮೂಲೆಯಿಂದ ಏನು ಎದ್ದು ಬರುತ್ತೋ ಗೊತ್ತಿಲ್ಲ. ಪ್ರತಿ ಸಲ ಒಳಗಿನ ಜೋಡಣೆ ಬದಲಾಗ್ತಿತ್ತು, ಉರು ಹೊಡೆದು ಪಾಸಾಗೋಕೆ ಸಾಧ್ಯವೇ ಇರಲಿಲ್ಲ. ಗುಂಡಿನ ಗುರಿಗಿಂತ ಹೆಚ್ಚಾಗಿ ಅಲ್ಲಿ ಅಭ್ಯಾಸ ಆಗ್ತಿದ್ದದ್ದು ಗಾಬರಿಯೇ. ಗಾಬರಿಯಲ್ಲೂ ಒಂದು ಕೆಲಸ ಮಾಡೋದು ಹೇಗೆ ಅನ್ನೋದು.

ಬರಿಗೈ ಹೊಡೆದಾಟದಲ್ಲೂ ಅವನದು ಇದೇ ಲೆಕ್ಕ. 1926ರಲ್ಲಿ ಡಿಫೆಂಡು ಅಂತ ಪುಸ್ತಕ ತಂದ. 1940ರಲ್ಲಿ ಬ್ರಿಟನ್‌ಗೆ ವಾಪಸಾಗಿ ಸ್ಕಾಟ್ಲೆಂಡಿನ ಲೋಕೈಲಾರ್ಟ್‌ನಲ್ಲಿ ಕಮಾಂಡೋಗಳಿಗೆ ಕಲಿಸೋವಾಗ ಪಟ್ಟಿ ಇನ್ನೂ ಚಿಕ್ಕದಾಯ್ತು: ಅಂಗೈ ಬುಡದಿಂದ ಗಲ್ಲಕ್ಕೆ ಒಂದು, ಕೈಯ ಅಂಚಿನಿಂದ ಕತ್ತಿಗೆ ಒಂದು, ಮೊಣಕಾಲು, ಬೂಟುಕಾಲು. ಹೊಡೆದು ಮುಂದೆ ಹೋಗ್ತಾ ಇರು, ನೆಲಕ್ಕೆ ಬೀಳಬೇಡ. ಕೆಲವೇ ವಾರದಲ್ಲಿ ಯುದ್ಧಕ್ಕೆ ಹೋಗಬೇಕಾದವನಿಗೆ ನೂರು ಪಟ್ಟು ಕಲಿಯೋ ಕಾಲ ಎಲ್ಲಿದೆ? 1942ರಲ್ಲಿ ಮಹಿಳೆಯರಿಗಾಗಿಯೇ ಒಂದು ಪುಸ್ತಕ ಬರೆದ. ಸಿನಿಮಾ ಮಂದಿರದಲ್ಲಿ ಪಕ್ಕದ ಸೀಟಿನವನು ಕೈ ಹಾಕಿದ್ರೆ ಏನು ಮಾಡಬೇಕು, ಕೊಡೆ ಹೇಗೆ ಬಳಸಬೇಕು, ಹೀಗೆ. ಅವನು ಯೋಚಿಸಿದ್ದು ಅಖಾಡದ ಎದುರಾಳಿಯ ಬಗ್ಗೆ ಅಲ್ಲ, ಪಕ್ಕದ ಸೀಟಿನವನ ಬಗ್ಗೆ. ಇದು ನನಗೆ ತುಂಬ ಮುಖ್ಯ ಅನ್ಸುತ್ತೆ.

ಇವತ್ತು ಮಾಲ್‌ಗಳಲ್ಲಿ, ಕಂಪನಿ ಕೆಫೆಟೇರಿಯಾಗಳಲ್ಲಿ ಮಾರ್ಚ್ 8ಕ್ಕೆ ನಡೆಯೋ ನಾಲ್ಕು ಗಂಟೆಯ ಕ್ಲಾಸುಗಳನ್ನು ನೋಡಿದ್ರೆ ಫೇರ್‌ಬೇರ್ನ್‌ನ ಅದೇ ಪಟ್ಟಿ ಕಾಣುತ್ತೆ. ಅಂಗೈ ಏಟು, ಮೊಣಕಾಲು, ಕಣ್ಣಿಗೆ ಬೆರಳು. ಆದ್ರೆ ಆ ಕತ್ತಲೆ ಜಾಗ ಇಲ್ಲ, ಏದುಸಿರು ಇಲ್ಲ. ಟೀ ಶರ್ಟ್ ಹಾಕಿದ ಜೊತೆಗಾರ ಮಣಿಕಟ್ಟು ಹಿಡೀತಾನೆ, ಬಿಡಿಸಿಕೊಂಡಾಗ ನಗ್ತಾ ಬಿಡ್ತಾನೆ, ಎಲ್ಲರೂ ಫೋಟೋ ತೆಗೀತಾರೆ. ಮಾತ್ರೆ ಡಬ್ಬಿ ಬಂತು, ಒಳಗೆ ಮಾತ್ರೆ ಇಲ್ಲ ಅನ್ನೋ ಹಾಗೆ. ಇನ್ನೊಂದು ತೊಂದರೆ ಫೇರ್‌ಬೇರ್ನ್‌ನ ವಿದ್ಯೆಯಲ್ಲೇ ಇತ್ತು. ಗಲ್ಲಕ್ಕೆ, ಕತ್ತಿಗೆ, ಕಣ್ಣಿಗೆ ಹೊಡೆಯೋದನ್ನು ಗೆಳೆಯನ ಮೇಲೆ ಪೂರ್ತಿ ಬಲದಲ್ಲಿ ಅಭ್ಯಾಸ ಮಾಡೋಕಾಗಲ್ಲ. ಕಾನೋ ಯಾವ ಕಾರಣಕ್ಕೆ ಅವನ್ನು ಬದಿಗಿಟ್ಟನೋ ಆ ಕಾರಣ ಹಾಗೇ ಉಳೀತು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಪಂದ್ಯ ನಡೀತು. ಎಂಟು ಜನ, ಬೇರೆ ಬೇರೆ ವಿದ್ಯೆ. ಒಬ್ಬ ಬಾಕ್ಸರ್ ಒಂದೇ ಕೈಗೆ ಗ್ಲೋವ್ಸ್ ಹಾಕ್ಕೊಂಡು ಬಂದಿದ್ದ. ಗೆದ್ದಿದ್ದು ರಾಯ್ಸ್ ಗ್ರೇಸಿ ಅನ್ನೋ ಸಪೂರ ಬ್ರೆಜಿಲಿಯನ್, ಮೂರೂ ಪಂದ್ಯ. ಅವನ ಮನೆತನಕ್ಕೆ ಆ ವಿದ್ಯೆ ಬಂದದ್ದು ಕೊಡೋಕಾನ್‌ನಲ್ಲಿ ಕಲಿತು ಬ್ರೆಜಿಲ್‌ಗೆ ಹೋಗಿ ನೆಲೆಸಿದ ಮಿತ್ಸುಯೋ ಮಾಯೆದಾನಿಂದ. ಕಾನೋನ ರಂದೋರಿ ನೂರು ವರ್ಷ ಆದ ಮೇಲೂ ಗೆಲ್ತಿತ್ತು ಅನ್ನಿ. ಅವತ್ತಿಂದ ಕರಾಟೆ ಕೆಲಸಕ್ಕೆ ಬಾರದ್ದು ಅಂತ ಇಂಟರ್ನೆಟ್ಟಿನಲ್ಲಿ ಜಗಳ ನಿಂತಿಲ್ಲ. ಆದ್ರೆ ಆ ಅಖಾಡದಲ್ಲೂ ರೆಫರಿ ಇದ್ದ, ಎದುರಿಗೆ ಒಬ್ಬನೇ ಇದ್ದ, ಯಾವಾಗ ಶುರು ಅಂತ ಇಬ್ಬರಿಗೂ ಗೊತ್ತಿತ್ತು. ವಾಕಡ್‌ನಲ್ಲಿ ಯಾವಾಗ ಶುರುವಾಯ್ತು ಅಂತ ನನಗೆ ಗೊತ್ತಾಗಿದ್ದು ಮುಗಿದ ಮೇಲೆ.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ಸುತ್ತೆ. ನಾನು ಸೋತದ್ದು ಗುದ್ದು ಬಂದಾಗ ಅಲ್ಲ, ಟೈಮ್ ಕೇಳಿದಾಗ. ರಾತ್ರಿ ಹನ್ನೊಂದೂವರೆಗೆ ಕೈಯಲ್ಲಿ ಫೋನಿರೋನು, ಬೈಕಿಂದ ಇಳಿದು ಹತ್ತಿರ ಬಂದು, ಟೈಮ್ ಯಾಕೆ ಕೇಳ್ತಾನೆ? ಒಂದು ಹೆಜ್ಜೆ ಹಿಂದೆ ಸರೀಬೇಕು ಅಂತ ಒಳಗೆ ಅನ್ಸಿತ್ತು. ಪಾಪ ಏನಂದ್ಕೋತಾನೋ ಅಂತ ಸರೀಲಿಲ್ಲ.

ತಂಗಿಯ ವಿಷಯಕ್ಕೆ ಬಂದ್ರೆ ಲೆಕ್ಕ ಇನ್ನೂ ಬೇರೆ. ಎನ್‌ಸಿಆರ್‌ಬಿ ವರದಿಗಳನ್ನು ತೆಗೆದು ನೋಡಿ, ನಮ್ಮ ದೇಶದ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನು. ಕತ್ತಲೆ ಗಲ್ಲಿಯ ಅಪರಿಚಿತನಿಗಾಗಿ ಕಲಿತ ಏಟು ಪರಿಚಯದವನ ಎದುರು ಏಳೋದೇ ಇಲ್ಲ, ಯಾಕಂದ್ರೆ ಮೊದಲು "ಇವನು ಹಾಗಲ್ಲ" ಅನ್ನೋ ಯೋಚನೆ ದಾಟಬೇಕು. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಶಾರ್ಲೀನ್ ಸೆನ್ ಮತ್ತು ಸಂಗಡಿಗರು ಇದನ್ನೇ ಇಟ್ಟುಕೊಂಡು ಹನ್ನೆರಡು ಗಂಟೆಯ ಒಂದು ಪಾಠ ರೂಪಿಸಿದರು. ಅಪಾಯವನ್ನು ಬೇಗ ಗುರುತಿಸೋದು, ಪರಿಚಯದವನು ಅನ್ನೋ ಮುಲಾಜು ದಾಟೋದು, ಜೋರಾಗಿ ಬೇಡ ಅನ್ನೋದು, ಕೊನೆಗೆ ಹೊಡೆಯೋದು. ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮಾಹಿತಿ ಪತ್ರ ಕೊಟ್ಟ ಗುಂಪಿನಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇಕಡ 9.8, ಪಾಠ ಕಲಿತ ಗುಂಪಿನಲ್ಲಿ ಶೇಕಡ 5.2. ಹೆಚ್ಚುಕಡಿಮೆ ಅರ್ಧ. ಕಡಿಮೆ ಸಮಯದಲ್ಲಿ ಏನೂ ಆಗಲ್ಲ ಅಂತ ನಾನು ನಂಬಿದ್ದೆ, ಅದು ತಪ್ಪು ಅಂತ ಗೊತ್ತಾಯ್ತು. ತಪ್ಪು ಮಾಡೋನ ಹೊಣೆ ಇದರಿಂದ ಒಂದು ಎಳ್ಳಷ್ಟೂ ಕಮ್ಮಿ ಆಗಲ್ಲ, ಅದೂ ಹೇಳಿಬಿಡ್ತೀನಿ.

ಇಷ್ಟನ್ನೂ ತಂಗಿಗೆ ಫೋನಲ್ಲಿ ಹೇಳಿದೆ. ಒಂದು ಗಂಟೆ ಕೇಳಿಸಿಕೊಂಡು, "ಅಣ್ಣ, ಸೇರ್ಲೋ ಬೇಡ್ವೋ ಹೇಳು" ಅಂದ್ಲು. ಮೊದಲು ಹೋಗಿ ನೋಡು, ಪಟ್ಟು ಹಾಕುವಾಗ ಜೊತೆಗಾರ ತಡೀತಾನಾ ಅಂತ ಕೇಳು ಅಂದೆ. ಕೇಳಿದಳಂತೆ. ಹಾಗೆ ಮಾಡಿದ್ರೆ ಯಾರಿಗಾದ್ರೂ ಪೆಟ್ಟಾಗುತ್ತೆ ಮೇಡಂ ಅಂದರಂತೆ. ಅದೂ ನಿಜವೇ.

ಈಗ ಅವಳು ಬೇರೆ ಕಡೆ ಜೂಡೋಗೆ ಸೇರಿದಾಳೆ. ಮೊದಲ ತಿಂಗಳು ಬೀಳೋದನ್ನು ಬಿಟ್ಟು ಇನ್ನೇನೂ ಹೇಳಿಕೊಡಲಿಲ್ಲ ಅಂತ ಗೊಣಗ್ತಿದ್ಲು. ಕ್ಯಾಬ್ ಡ್ರೈವರ್ ದಾರಿ ಬದಲಿಸಿದ್ರೆ ಮುಲಾಜಿಲ್ಲದೆ ತಕ್ಷಣ ಜೋರಾಗಿ ಕೇಳೋದನ್ನ ನಾವಿಬ್ಬರೇ ಫೋನಲ್ಲಿ ಅಭ್ಯಾಸ ಮಾಡ್ತಿದೀವಿ. ನಾನೇ ಡ್ರೈವರ್. ಮೊದಮೊದಲು ನಗು ಬರ್ತಿತ್ತು, ಈಗ ಅವಳ ಧ್ವನಿ ಕೇಳಿ ನಾನೇ ಗಾಡಿ ನಿಲ್ಲಿಸ್ತೀನಿ. ಹೋದ ಶನಿವಾರ ಮೊದಲ ಸಲ ರಂದೋರಿ ಇತ್ತಂತೆ. ಎದುರಿಗೆ ಒಂಬತ್ತನೇ ಕ್ಲಾಸಿನ ಹುಡುಗಿ. ಎಂಟು ಸಲ ಎತ್ತಿ ಹಾಕಿದ್ಲಂತೆ.